ಅತ್ತಿಯ ಪದ ಎಂಪಿತ್ರೀ ಆದದ್ದು

ಕುಂದಗೋಳ ಪೇಟೆಯ ನನ್ನ ಝೆರಾಕ್ಸ್ ಅಂಗಡಿಗೆ ಪೆನ್‌ಡ್ರೈವ್ ಹಿಡಿದುಕೊಂಡು ಬರುವವರು ಮೊದಲು ಹೇಳುವ ಮಾತು ಒಂದೇ: ಹಾಡು ಸತ್ತೈತಿ. ಹಾಡು ಸತ್ತಿರುವುದಿಲ್ಲ. ಅವರ ಟ್ರ್ಯಾಕ್ಟರಿನ ಟೇಪಿಗೋ, ಕಳೆ ತೆಗೆಯುವಾಗ ಬೇವಿನ ಟೊಂಗೆಗೆ ತೂಗುಬಿಡುವ ಸ್ಪೀಕರ್ ಡಬ್ಬಿಗೋ ಆ ಫೈಲು ಓದಲು ಬರುವುದಿಲ್ಲ, ಅಷ್ಟೇ. ಡಬ್ಬಿಗೆ ಬರುವುದು ಎಂಪಿತ್ರೀ ಒಂದೇ. ಮೊಬೈಲಿನಿಂದ ಬಂದದ್ದು ಬೇರೆ ಯಾವುದೋ ಫಾರ್ಮ್ಯಾಟಿನಲ್ಲಿರುತ್ತದೆ. ನಾನು ಬದಲಿಸಿ ಕೊಡುತ್ತೇನೆ, ಅವರು ಹೋಗುತ್ತಾರೆ. ಇಷ್ಟು ಸಣ್ಣ ಕೆಲಸಕ್ಕಾಗಿ ಮನೆಯ ಹಿರಿಯರ ಎದುರು ನಿಲ್ಲಬೇಕಾದೀತೆಂದು ನಾನು ಎಣಿಸಿರಲಿಲ್ಲ. ನಿಂತೆ. ಅದಕ್ಕೆ ನನಗೆ ಈಗಲೂ ಹೆಮ್ಮೆಯೇ.

ಅತ್ತಿ ಎಂದರೆ ನನ್ನ ಅಪ್ಪನ ಅಕ್ಕ. ಕುಬಿಹಾಳದ ಆಚೆಗಿನ ನಮ್ಮೂರಲ್ಲಿ ಯಾರ ಮನೆಯ ಮದುವೆಯಿದ್ದರೂ ಸುರಗಿಗೆ ಅವಳ ಪದ ಬೇಕು. ಅಂಗಳದಲ್ಲಿ ನಾಲ್ಕು ಮೂಲೆಗೆ ತಂಬಿಗೆ ಇಟ್ಟು, ನೂಲು ಸುತ್ತಿ, ನಡುವೆ ಅರಿಷಿಣ ಹಚ್ಚಿದ ಮದುಮಗಳನ್ನು ಕೂರಿಸಿ ಮುತ್ತೈದೆಯರು ನೀರೆರೆಯುವುದೇ ಸುರಗಿ. ಒಬ್ಬಳು ಒಂದು ಸಾಲು ಎತ್ತಿಕೊಡಬೇಕು, ಉಳಿದವರು ಅದನ್ನೇ ತಿರುಗಿ ಹಾಡಬೇಕು, ಆಗ ನೀರು ಬೀಳಬೇಕು. ಎತ್ತಿಕೊಡುವವಳು ಅತ್ತಿ. ಆದರೆ ಅವಳು ಚಿಕ್ಕ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡವಳು. ಹಾಗಾಗಿ ಅಡುಗೆಮನೆಯ ಗೋಡೆಯ ಹಿಂದೆ ಕುಳಿತು ಹಾಡುತ್ತಿದ್ದಳು. ಧ್ವನಿ ಅಂಗಳಕ್ಕೆ ಬರಬಹುದು, ಅವಳು ಬರುವಂತಿಲ್ಲ.

ನಮ್ಮದು ಲಿಂಗಪೂಜೆಯ ಮನೆ. ಅಪ್ಪನದು ಮಾತು ಕಡಿಮೆ, ಮನೆಯಲ್ಲಿ ನಡೆಯುವುದು ಅಪ್ಪನ ತಮ್ಮನಾದ ಕಾಕಾನ ಮಾತು. ಕಾಕಾ ದಿನಾ ಬೆಳಿಗ್ಗೆ ವಚನ ಓದಿಯೇ ಚಹಾ ಕುಡಿಯುವವನು. ಮದುವೆ ಬಂತೆಂದರೆ ಆ ವಚನಗಳನ್ನೆಲ್ಲ ಗಂಟು ಕಟ್ಟಿ ಅಟ್ಟಕ್ಕೆ ಎಸೆಯುತ್ತಾನೆ. ಚಿಕ್ಕವಳಿದ್ದಾಗಿನಿಂದ ಇದನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ.

ಹುಬ್ಬಳ್ಳಿಯಲ್ಲಿ ಅತ್ತಿಯ ಗಂಟಲಿನ ಆಪರೇಶನ್ ಆಯಿತು. ಜೀವ ಉಳಿಯಿತು, ಧ್ವನಿ ಉಳಿಯಲಿಲ್ಲ. ಈಗ ಅವಳ ಮಾತೆಂದರೆ ಬರೀ ಉಸಿರು. ಹತ್ತಿರ ಹೋಗಿ ಕಿವಿಗೊಟ್ಟರೆ ತಿಳಿಯುತ್ತದೆ. ಅದಾದ ಮೇಲೆ ನನ್ನ ತಂಗಿಯ ಮದುವೆ ಗೊತ್ತಾಯಿತು. ಅವಳನ್ನು ಎತ್ತಿ ಆಡಿಸಿ ಬೆಳೆಸಿದವಳು ಅತ್ತಿ. ತನ್ನ ಸುರಗಿಗೆ ಅತ್ತಿಯ ಪದವೇ ಆಗಬೇಕೆಂದು ತಂಗಿ ಹಟ ಹಿಡಿದಳು. ಪದವೇನೋ ಇತ್ತು. ಹಿಂದೊಮ್ಮೆ ಅತ್ತಿ ರೊಟ್ಟಿ ಬಡಿಯುತ್ತ ತನ್ನಷ್ಟಕ್ಕೆ ಹಾಡಿಕೊಳ್ಳುವಾಗ ನನ್ನ ಕೀಪ್ಯಾಡ್ ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಂಡಿದ್ದೆ. ಮೊಬೈಲು ಕೆಟ್ಟು ಹೋಗಿದ್ದರೂ ಅದರ ಮೆಮೊರಿ ಕಾರ್ಡ್ ಮನೆಯಲ್ಲಿತ್ತು.

ಆ ಫೈಲಿನ ಹೆಸರಿನ ಕೊನೆಗೆ ಎಎಂಆರ್ ಎಂದಿತ್ತು, ಹಳೆಯ ಮೊಬೈಲುಗಳ ಫಾರ್ಮ್ಯಾಟ್ ಅದು. ನನ್ನ ತಮ್ಮ ನನ್ನನ್ನು ಕೇಳುವ ಗೋಜಿಗೇ ಹೋಗದೆ ಅದನ್ನು ಅಳಿಸಿ, ಎಂಪಿತ್ರೀ ಎಂದು ಬರೆದು, ಕಾರ್ಡನ್ನು ನಮ್ಮ ಮನೆಯ ಸ್ಪೀಕರ್ ಡಬ್ಬಿಗೆ ಹಾಕಿದ. ಹೆಸರು ಬದಲಾಯಿತು, ಒಳಗಿನದು ಎಲ್ಲಿ ಬದಲಾಗಬೇಕು? ಡಬ್ಬಿಯ ದೀಪ ಮಿನುಗಿತು, ಧ್ವನಿ ಬರಲಿಲ್ಲ. ಮನೆಮಂದಿಯೆಲ್ಲ ಸುತ್ತ ಕೂತಿದ್ದರು. ನಾನು ಅಂಗಡಿ ಮುಚ್ಚಿ ಬಂದು ಮನೆಯೊಳಗೆ ಕಾಲಿಟ್ಟದ್ದು ಅದೇ ಹೊತ್ತಿಗೆ. ಕಾಕಾ ಎದ್ದು ಧೋತರ ಕೊಡವಿಕೊಂಡ.

"ಗಂಟಲಾ ಹೋತು, ಪದಾನೂ ಹೋತು. ದೇವರಿಗೇ ಬ್ಯಾಡಾಗೇತಿ, ಬಿಡ್ರಿ ಇನ್ನ."

ಅತ್ತಿ ಮೂಲೆಯಿಂದ ಎದ್ದು ಯಾರ ಮುಖವನ್ನೂ ನೋಡದೆ ಅಡುಗೆಮನೆಗೆ ಹೋದಳು. ನನ್ನ ಪಿತ್ತ ನೆತ್ತಿಗೇರಿತು.

"ದೇವರು ನಡುವ ಎಲ್ಲಿ ಬಂದ ಕಾಕಾ? ಫಾರ್ಮ್ಯಾಟ್ ಅದು," ಎಂದೆ.

ಕಾಕಾನಿಗೆ ಆ ಶಬ್ದವೇ ಹಿಡಿಸಲಿಲ್ಲ. ಯಂತ್ರದ ಬಾಯಿಂದ ಸುರಗಿಯ ಪದ ಹೇಳಿಸುವುದು ಎಲ್ಲಿಯ ರೀತಿ, ಸೌಂಡಿನವನಿಗೆ ಹೇಳಿ ನಾಲ್ಕು ಸಿನಿಮಾ ಹಾಡು ಹಾಕಿಸಿದರಾಯಿತು ಎಂದ. ಸಿನಿಮಾ ಹಾಡು ಮತ್ತೆ ಯಾರ ಬಾಯಿಂದ ಬರುತ್ತದೆ ಎಂದು ಕೇಳಿದೆ. ಅದನ್ನು ಬಿಟ್ಟು ಅವನು ನನ್ನ ನಾಲಿಗೆಯ ಉದ್ದದ ಬಗ್ಗೆ ಬಹಳ ಹೊತ್ತು ಹೇಳಿದ.

ಮರುದಿನ ಗಿರಾಕಿಗಳನ್ನು ಕಟ್ಟೆಯ ಮೇಲೆ ಕೂರಿಸಿ ಆ ಫೈಲು ತೆಗೆದೆ. ಹೆಸರನ್ನು ಮೊದಲಿನಂತೆ ಮಾಡಿ, ಒಂದು ಪ್ರತಿ ಬೇರೆ ಕಡೆ ಇಟ್ಟು, ಕನ್ವರ್ಟರಿಗೆ ಹಾಕಿದೆ. ಕಂಪ್ಯೂಟರಿನಲ್ಲಿ ಸರಿಯಾಗಿ ಕೇಳಿಸಿತು, ಮನೆಯಿಂದ ತಂದಿದ್ದ ಡಬ್ಬಿಯಲ್ಲಿ ಬರೀ ಕರಕರ. ಹಳೆಯ ಮೊಬೈಲು ಧ್ವನಿಯನ್ನು ಸೆಕೆಂಡಿಗೆ ಕಡಿಮೆ ಸಲ ಅಳೆದು ಬಹಳ ತೆಳುವಾಗಿ ಹಿಡಿದಿಟ್ಟಿತ್ತು, ಅಗ್ಗದ ಡಬ್ಬಿಗೆ ಆ ಅಳತೆ ತಿಳಿಯುತ್ತಿರಲಿಲ್ಲ. ಸಿಡಿಗೆ ಬಳಸುವ ಅಳತೆಯನ್ನು ಆರಿಸಿ ಮತ್ತೊಮ್ಮೆ ಬದಲಿಸಿದೆ. ಈ ಸಲ ಅತ್ತಿ ಹಾಡಿದಳು. ಕಟ್ಟೆಯ ಮೇಲಿದ್ದವರು ಎದ್ದು ಬಾಗಿಲಿಗೆ ಬಂದರು. ನನಗೆ ಅಳು ಬಂತು, ಅದನ್ನು ಮುಚ್ಚಿಡುವ ಕಾರಣವೇನೂ ಕಾಣಲಿಲ್ಲ.

ಬದಲಿಸಿದ ಮಾತ್ರಕ್ಕೆ ಧ್ವನಿ ಚೆನ್ನಾಗುವುದಿಲ್ಲ. ಹಳೆಯದರಲ್ಲಿ ಇಲ್ಲದ್ದು ಹೊಸದಕ್ಕೆ ಎಲ್ಲಿಂದ ಬರಬೇಕು? ಗದ್ದಲ ತೆಗೆಯುವ ಬಟನ್ ಒತ್ತಿ ನೋಡಿದೆ. ರೊಟ್ಟಿ ಬಡಿಯುವ ಸಪ್ಪಳ ಹೋಯಿತು, ಜೊತೆಗೆ ಅತ್ತಿ ಉಸಿರೆಳೆದುಕೊಳ್ಳುವುದೂ ಹೋಯಿತು. ಸಪ್ಪಳ ಇದ್ದರೆ ಇರಲಿ ಎಂದು ಹಿಂದಕ್ಕೆ ತಂದೆ.

ಇನ್ನೊಂದು ತೊಡಕಿತ್ತು. ಒಬ್ಬಳೇ ಕೂತು ಹಾಡಿದ್ದರಿಂದ ಅತ್ತಿ ಎಲ್ಲೂ ನಿಂತಿರಲಿಲ್ಲ, ತಿರುಗಿ ಹಾಡುವವರಿಗೆ ಬಿಡುವೇ ಇರಲಿಲ್ಲ. ಸಾಲುಗಳ ನಡುವೆ ಖಾಲಿ ಹೊತ್ತು ಸೇರಿಸುವುದು ನನಗೆ ಎಡಗೈ ಕೆಲಸ. ಸೇರಿಸಲು ಮೌಸ್ ಹಿಡಿದವಳು ಕೈ ಹಿಂದಕ್ಕೆ ತೆಗೆದೆ. ನಾನು ಇದನ್ನು ಸರಿಮಾಡಿ ಕೊಟ್ಟರೆ ಡಬ್ಬಿಗೆ ಅತ್ತಿಯ ಅಗತ್ಯವೇ ಬೀಳುವುದಿಲ್ಲ. ಧ್ವನಿ ಅಂಗಳದಲ್ಲಿ, ಅವಳು ಗೋಡೆಯ ಹಿಂದೆ, ಎಲ್ಲವೂ ಮೊದಲಿನಂತೆಯೇ ನಡೆಯುತ್ತದೆ. ಬೇಕೆಂದೇ ಹಾಗೇ ಬಿಟ್ಟೆ.

ಸುರಗಿಯ ದಿನ ನೂಲಿನ ಪಕ್ಕದಲ್ಲೇ ಸ್ಟೂಲ್ ಹಾಕಿ ಡಬ್ಬಿ ಇಟ್ಟೆ. ಪದ ಶುರುವಾಯಿತು. ಮುತ್ತೈದೆಯರು ಮೊದಲ ಸಾಲು ತಿರುಗಿ ಹಾಡಲು ಬಾಯಿ ತೆರೆಯುವಷ್ಟರಲ್ಲಿ ಡಬ್ಬಿ ಮೂರನೆಯ ಸಾಲಿನಲ್ಲಿತ್ತು. ಒಬ್ಬಳು ಒಂದು ಹಾಡಿದಳು, ಇನ್ನೊಬ್ಬಳು ಇನ್ನೊಂದು. ನೀರು ಯಾವಾಗ ಹಾಕುವುದೋ ತಿಳಿಯದೆ ತಂಬಿಗೆಗಳು ಕೈಯಲ್ಲೇ ಉಳಿದವು. ತಮ್ಮ ಓಡಿಬಂದು ಬಟನ್ ಒತ್ತಿದ, ಶಬ್ದದ ನಡುವೆಯೇ ಪದ ತುಂಡಾಯಿತು. ನಾನು ಒತ್ತಬಹುದಿತ್ತು. ಕೈಕಟ್ಟಿ ನಿಂತೆ.

ಎಲ್ಲಿ ನಿಲ್ಲಿಸಬೇಕೆಂದು ಹಾಡಿದವಳಿಗೇ ಗೊತ್ತು ಎಂದು ಒಬ್ಬ ಮುತ್ತೈದೆ ಅಂದಳು. ಅದನ್ನೇ ಕಾಯುತ್ತಿದ್ದೆ. ಅಡುಗೆಮನೆಯ ಕಡೆ ತಿರುಗಿ ಅತ್ತಿಯನ್ನು ಕೂಗಿದೆ. ಕಾಕಾ ಬಾಗಿಲಿಗೆ ಅಡ್ಡ ಬಂದ. ಡಬ್ಬಿಯನ್ನು ಒಳಗೆ ಒಯ್ದು ಕೊಡು, ಅಲ್ಲಿಂದಲೇ ಒತ್ತಲಿ ಎಂದ.

"ಡಬ್ಬಿ ಇಲ್ಲೇ ಇರತೈತಿ ಕಾಕಾ," ಎಂದೆ. "ಒತ್ತಾಕಿ ಹೊರಗ ಬರತಾಳ."

ಅಪ್ಪ ನೆಲ ನೋಡುತ್ತಿದ್ದ. ನೂಲಿನ ಒಳಗೆ ಅರಿಷಿಣ ಹಚ್ಚಿಕೊಂಡು ಕೂತಿದ್ದ ತಂಗಿ ತಲೆಯೆತ್ತಿದಳು.

"ಅತ್ತಿ ಬರೂ ಮಟಾ ನಾ ಏಳಂಗಿಲ್ಲ," ಎಂದಳು.

ಕಾಕಾ ಹೊರಗಿನವರ ಮುಖ ನೋಡಿದ, ನನ್ನ ಮುಖ ನೋಡಿದ, ಬಾಗಿಲು ಬಿಟ್ಟ. ಅತ್ತಿ ಹಿಟ್ಟಿನ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತ ಬಂದು ಸ್ಟೂಲಿನ ಪಕ್ಕ ಕೂತಳು. ಪದವನ್ನು ಮೊದಲಿನಿಂದ ಹಚ್ಚಿಸಿದಳು. ಸಾಲು ಮುಗಿಯುವ ಕಡೆ ಒತ್ತಿದಳು, ಹೆಂಗಸರು ತಿರುಗಿ ಹಾಡಿದರು, ನೀರು ಬಿತ್ತು. ಮತ್ತೆ ಒತ್ತಿದಳು. ಅವಳ ತುಟಿಗಳೂ ಅಲುಗುತ್ತಿದ್ದವು. ಪದ ಮುಗಿದ ಮೇಲೆ ಅವಳು ಒಳಗೆ ಹೋಗಲಿಲ್ಲ. ಪಕ್ಕದವಳ ಕೈಯಿಂದ ತಂಬಿಗೆ ತೆಗೆದುಕೊಂಡು, ಹಂಡೆಯಲ್ಲಿ ಅದ್ದಿ, ತಂಗಿಯ ನೆತ್ತಿಯ ಮೇಲೆ ತಾನೇ ಸುರಿದಳು. ಕಾಕಾ ಏನೋ ಕೆಲಸ ನೆನಪಾದವನಂತೆ ಹಿತ್ತಲಿಗೆ ನಡೆದ.

ಆ ಪದದ ಸುದ್ದಿ ಈಗ ಸುತ್ತಲಿನ ಊರುಗಳಲ್ಲಿ ಹಬ್ಬಿದೆ. ಮದುವೆ ಇದ್ದವರು ಪೆನ್‌ಡ್ರೈವ್ ತಂದು, ಅತ್ತಿಯ ಆ ಪದಕ್ಕೆ ನಡುನಡುವೆ ಬಿಡುವು ಹಾಕಿ ಕೊಟ್ಟರೆ ಯಾರ ಗೊಡವೆಯೂ ಬೇಡವಲ್ಲ, ನಿಮಗೆ ಅದು ಬರುತ್ತದಂತಲ್ಲ ಎನ್ನುತ್ತಾರೆ. ಬರುತ್ತದೆ, ಮಾಡಿಕೊಡುವುದಿಲ್ಲ ಎನ್ನುತ್ತೇನೆ. ಕೆಲವರು ಸಿಟ್ಟಿನಿಂದ ಎದ್ದು ಹೋಗುತ್ತಾರೆ. ಉಳಿದವರಿಗೆ ಹೇಳುವುದು ಇಷ್ಟೇ.

"ಪದಾ ಬೇಕಂದ್ರ ಅತ್ತೀನ್ನ ಕರೀರಿ. ಅಂಗಳದಾಗ ಕುರ್ಚಿ ಹಾಕಿ ಕರೀರಿ."