ಅಗುಳು ಚೆಲ್ಲಿತೇನ್ರಿ?

ಅವರ ಗದ್ದದ ನಡುವೆ ಒಂದು ಹಸಿರು ಹಚ್ಚೆಯ ಬೊಟ್ಟು ಇತ್ತು. ಮುಖವನ್ನು ಪೂರ್ತಿಯಾಗಿ ಕಂಡದ್ದು ಕಡಿಮೆ. ಫೋನನ್ನು ನೀರಿನ ಬಾಟಲಿಗೆ ಒರಗಿಸಿ ಮಾತಿಗೆ ಕೂರುತ್ತಿದ್ದರು. ಅದು ಮೆಲ್ಲಗೆ ಜಾರುತ್ತಾ ಹೋಗಿ, ಕಡೆಗೆ ಆ ಬೊಟ್ಟು ಮತ್ತು ಅದರ ಹಿಂದೆ ತಿರುಗುವ ಫ್ಯಾನು ಮಾತ್ರ ಉಳಿಯುತ್ತಿದ್ದವು. "ಮೇಡಂ, ನೀವು ಕಾಣುತ್ತಾ ಇಲ್ಲ" ಎಂದರೆ, "ನನ್ನ ನೋಡಿ ಏನ್ ಮಾಡ್ತೀರಿ, ನಿಮ್ಮ ಕೈ ನನಗ ಕಾಣ್ತದಲ್ಲ, ಸಾಕು" ಎನ್ನುತ್ತಿದ್ದರು.

ಪಾರ್ಶ್ವವಾಯು ಬಡಿದು ನನ್ನ ಬಲಗಡೆ ಬಿದ್ದುಹೋಗಿತ್ತು. ಕಾಲು ಬೇಗ ಚೇತರಿಸಿತು, ಕೈ ಮುದುಡಿಕೊಂಡೇ ಉಳಿಯಿತು. ಆಸ್ಪತ್ರೆಯಿಂದ ಮುಂಬೈಯ ವಡಾಲದ ಮನೆಗೆ ಕಳಿಸುವಾಗ ಡಾಕ್ಟರು, ಒಂದು ಸಂಸ್ಥೆಯವರು ಫೋನಿನಲ್ಲೇ ಕಲಿಸುತ್ತಾರೆಂದು ನಂಬರು ಬರೆದುಕೊಟ್ಟರು. ಹಾಗೆ ಬಂದವರು ಇವರು. ಇರುವುದು ಗೋರೆಗಾಂವ್, ಊರು ಗದಗದ ಕಡೆಯದು. ಆಕ್ಯುಪೇಷನಲ್ ಥೆರಪಿಸ್ಟ್ ಎಂಬುದು ಆಗ ನನ್ನ ತೊದಲು ನಾಲಿಗೆಗೆ ಹೊರಳುತ್ತಿರಲಿಲ್ಲ, ಮೇಡಂ ಎಂದೇ ಕರೆದೆ. "ಕಸರತ್ತು ಮಾಡಸೋರು ಬ್ಯಾರೆ ಇರ್ತಾರ. ನಾ ಕೆಲಸ ಕಲಸಾಕಿ. ಹಲ್ಲು ತಿಕ್ಕೂದು, ರವಿಕಿ ಗುಂಡಿ ಹಾಕ್ಕೊಳ್ಳೂದು, ಚಹಾ ಸೋಸೂದು" ಎಂದು ತಮ್ಮ ಪರಿಚಯ ತಾವೇ ಹೇಳಿದರು.

ಅಷ್ಟು ಹೊತ್ತಿಗೆ ನಮ್ಮ ಮನೆಗೆ ನನ್ನ ಗಂಡನ ಅಕ್ಕ ಬಂದು ನೆಲೆಸಿಯಾಗಿತ್ತು. ನಾನು ಅತ್ತಿಗೆ ಎನ್ನುತ್ತೇನೆ. ಉಡುಪಿಯಿಂದ ಒಂದು ಟ್ರಂಕು, ಒಂದು ಭರಣಿ ಉಪ್ಪಿನಕಾಯಿ ಹಿಡಿದು "ತಮ್ಮನ ಸಂಸಾರ ನೋಡಿಕೊಳ್ಳಲು" ಬಂದವರು ಮೊದಲು ಹಿಡಿದದ್ದು ನನ್ನ ಸೌಟನ್ನು, ಆಮೇಲೆ ನನ್ನ ಬಾಯಿಯನ್ನು. ಮೂರು ಹೊತ್ತೂ ಕಲಸಿ, ಉಂಡೆ ಮಾಡಿ, ಮಗುವಿಗೆ ಉಣಿಸುವ ಹಾಗೆ ಉಣಿಸುತ್ತಿದ್ದರು. ನೋಡಲು ಬಂದವರೆಲ್ಲ "ಇಂಥ ಅತ್ತಿಗೆ ಸಿಗಲು ಪುಣ್ಯ ಬೇಕು" ಎಂದು ನನ್ನ ಮುಖ ನೋಡುತ್ತಿದ್ದರು. ಬಾಯಿ ತುಂಬ ಅನ್ನ ಇದ್ದುದರಿಂದ ನಾನು ಉತ್ತರ ಕೊಡುವ ಪ್ರಶ್ನೆಯೇ ಇರಲಿಲ್ಲ.

ವಾರಕ್ಕೊಂದು ಕರೆ, ಮಂಗಳವಾರ. ಮೊದಲ ದಿನವೇ ಮೇಡಂ ಕೇಳಿದರು: "ನಿಮಗ ಏನು ಮಾಡಬೇಕು ಅನಸ್ತದ?"

ನಾನು ಬಾಯಿ ತೆರೆಯುವ ಮೊದಲೇ ಅತ್ತಿಗೆ ಫೋನಿನ ಮುಂದೆ ಬಾಗಿದರು. "ಅವಳಿಗೆ ಎಂಥ ಮಾಡ್ಲಿಕ್ಕುಂಟು? ಎಲ್ಲದಕ್ಕೂ ನಾನಿದ್ದೇನಲ್ಲ."

"ಅಕ್ಕಾರ, ನಿಮಗ ಕೇಳಿಲ್ಲರೀ."

ನಮ್ಮ ಮನೆಯಲ್ಲಿ ಅತ್ತಿಗೆಗೆ ಹಾಗೆ ಹೇಳಿದವರನ್ನು ನಾನು ಅದುವರೆಗೆ ಕಂಡಿರಲಿಲ್ಲ. ಆ ಧೈರ್ಯದಲ್ಲೇ ಇರಬೇಕು, ತೊದಲುತ್ತ ಹೇಳಿಬಿಟ್ಟೆ: ನನ್ನ ಮನೆಯಲ್ಲಿ ನಾನೇ ಬಡಿಸಬೇಕು.

ಅದು ಮೇಡಂಗೆ ಸಣ್ಣದಾಗಿ ಕಾಣಲಿಲ್ಲ. ನನ್ನ ಗಂಡ ದಾದರಿನ ಹೋಟೆಲಿನಲ್ಲಿ ಮ್ಯಾನೇಜರು. ದಿನವಿಡೀ ಊರಿಗೆಲ್ಲ ಬಡಿಸುವುದನ್ನು ನೋಡಿ ಬಂದವರಿಗೆ ಮನೆಯಲ್ಲಿ ಬಡಿಸುವವಳು ನಾನು. ಮದುವೆಯಾಗಿ ಮುಂಬೈಗೆ ಬಂದಾಗಿನಿಂದ ಆ ಮನೆಯಲ್ಲಿ ನನ್ನದೆಂದು ಹೇಳಿಕೊಳ್ಳಲು ಇದ್ದದ್ದು ಅದೊಂದೇ. ಎಡಗೈಯಲ್ಲಿ ಬಡಿಸುವುದಂತೂ ನಮ್ಮಲ್ಲಿ ಆಗದ ಮಾತು. ಹಾಗಾಗಿ ಬಲಗೈಯೇ ಏಳಬೇಕಿತ್ತು.

ಮೇಡಂ ಏಳಿಸಿದರು. ದಾರಿ ಮಾತ್ರ ಎಂದೂ ತಾವಾಗಿ ಹೇಳಲಿಲ್ಲ. ಸೌಟು ಜಾರುತ್ತದೆ ಎಂದರೆ, "ಯಾಕ ಜಾರ್ತದ? ನೀವ ಹೇಳ್ರಿ." ಹಿಡಿ ಸಪೂರ, ಬೆರಳು ಮುಚ್ಚುವುದಿಲ್ಲ. "ಮತ್ತ ಏನು ಮಾಡೋಣು? ನೀವ ಹೇಳ್ರಿ." ಅವರ 'ನೀವ ಹೇಳ್ರಿ' ಕೇಳಿ ಕೇಳಿ ನನಗೆ ಸಿಟ್ಟು ಬರುತ್ತಿತ್ತು, ನಾನೇ ಹೇಳುವುದಾದರೆ ನೀವೇಕೆ? ಆದರೆ ಸಿಟ್ಟಿನಲ್ಲೇ ಹೊಳೆಯುತ್ತಿತ್ತು. ಹಳೆಯ ಸೀರೆಯ ಅಂಚನ್ನು ಸೌಟಿನ ಹಿಡಿಗೆ ಸುತ್ತಿ ದಪ್ಪ ಮಾಡಿದೆ. ಪಾತ್ರೆ ಸರಿಯದಂತೆ ಅಡಿಗೆ ಒದ್ದೆ ಬಟ್ಟೆ ಹಾಸಿದೆ. ಬಲಗೈ ಮಣಿಕಟ್ಟಿನ ಕೆಳಗೆ ಎಡಗೈ ಆನಿಸಿ ಎತ್ತಿದೆ. ಮೊದಲು ಒಣ ಅಕ್ಕಿ, ಆಮೇಲೆ ಅವಲಕ್ಕಿ, ಆಮೇಲೆ ಬಿಸಿ ಅನ್ನ. ಪ್ರತಿ ವಾರ ಮೊದಲು ಕೇಳುತ್ತಿದ್ದದ್ದು ಒಂದೇ ಮಾತು: "ಅಗುಳು ಚೆಲ್ಲಿತೇನ್ರಿ?"

ಚೆಲ್ಲಿದರೆ ಅತ್ತಿಗೆ ಓಡಿ ಬರುತ್ತಿದ್ದರು, "ಬಿಡು ಮಾರಾಯ್ತಿ, ನಿನ್ನ ಕೈಯಲ್ಲಿ ಆಗುವುದುಂಟಾ" ಎಂದು ಸೌಟು ಕಸಿಯಲು. ಫೋನಿನೊಳಗಿಂದ ಗದ್ದ ಗದರುತ್ತಿತ್ತು: "ಅಕ್ಕಾರ, ಎರಡೂ ಕೈ ಬಗಲಾಗ ಇಟ್ಕೊಂಡು ಕೂಡ್ರಿ! ಚೆಲ್ಲಿದ್ದು ಆಕೀನ ಬಳೀತಾಳ."

ಒಮ್ಮೆ ಅತ್ತಿಗೆ ದೇವಸ್ಥಾನಕ್ಕೆ ಹೋಗಿದ್ದಾಗ ಕೇಳಿದೆ, ಉಣಿಸುವವರ ಮೇಲೆ ನಿಮಗೇಕೆ ಇಷ್ಟು ಕೋಪ ಎಂದು. "ನಮ್ಮವ್ವಗ ಹಿಂಗ ಆದಾಗ ನಾವು ಮಕ್ಕಳೆಲ್ಲಾ ಪಾಳಿ ಹಚ್ಚಿ ಉಣಿಸಿದ್ವಿ. ಓಣಿ ಮಂದಿ ಹೊಗಳಿದ್ದ ಹೊಗಳಿದ್ದು. ಆಕೀ ಕೈ ಬರೂ ಹಂಗಿತ್ತರಿ. ನಾವ ಬಿಡಲಿಲ್ಲ." ಅಷ್ಟು ಹೇಳಿ ಬಾಟಲಿ ಸರಿಪಡಿಸಿದರು. ಆ ದಿನ ಒಂದು ಕ್ಷಣ ಮುಖ ಪೂರ್ತಿ ಕಂಡಿತು. ನಾನು ಎಣಿಸಿದ್ದಕ್ಕಿಂತ ವಯಸ್ಸಾದ ಮುಖ.

ಚೌತಿ ಬಂತು. ಮನೆಗೆ ಗಣಪತಿ, ಊಟಕ್ಕೆ ಬಂಧುಗಳು, ಹೋಟೆಲಿನವರು. ನಾನು ಬಡಿಸುತ್ತೇನೆಂದು ಗಂಡನಿಗೆ ಮೊದಲೇ ಹೇಳಿದ್ದೆ. "ಆಯ್ತು, ನೋಡುವಾ" ಎಂದಿದ್ದರು. ಎಲೆಗಳ ಮೊದಲಿಗೆ ಕೂತಿದ್ದವರು ಅವರ ಸೋದರಮಾವ. ನಾನು ಅನ್ನದ ಸೌಟು ಎತ್ತಿ, ಎಡಗೈ ಆನಿಸಿಕೊಂಡು ಅವರ ಎಲೆಯ ಮುಂದೆ ಬಾಗಿದೆ.

ಎಲೆಯ ಮೇಲೆ ಅಂಗೈ ಅಡ್ಡ ಹಿಡಿದರೆ ಬಡಿಸುವವರು ಮುಂದೆ ಸರಿಯಬೇಕು. ಸಾಕು ಎಂದರ್ಥ. ಮಾವ ಖಾಲಿ ಎಲೆಯ ಮೇಲೆ ಅಂಗೈ ಹಿಡಿದರು.

"ಸಾಕು, ಸಾಕು. ನೀನ್ಯಾಕೆ ಕಷ್ಟ ಪಡ್ತಿ? ಕೂತ್ಕೋ ಹೋಗು."

ಪಕ್ಕದ ಎಲೆಯವರು ಅದನ್ನು ನೋಡಿ ತಾವೂ ಅಂಗೈ ಹಿಡಿದರು. ಅದರ ಪಕ್ಕದವರೂ. ಅತ್ತಿಗೆ ಬಂದು, ಎಲ್ಲರಿಗೂ ಕೇಳುವ ಹಾಗೆ, "ಎಡಗೈ ತಾಗಿಸಿ ಬಡಿಸುವುದುಂಟಾ ದೇವರ ಊಟಕ್ಕೆ? ಆ ಫೋನಿನವಳಿಗೆ ಶಾಸ್ತ್ರ ಗೊತ್ತಿಲ್ಲ, ಇವಳಿಗೂ ಮರೆತುಹೋಯ್ತಾ?" ಎಂದು ಸೌಟು ತೆಗೆದುಕೊಂಡರು. ಅಂಗೈಗಳು ಒಂದೊಂದಾಗಿ ಸರಿದವು. ಗಂಡ ಎಲೆಯ ತುದಿಯ ಉಪ್ಪನ್ನೇ ನೋಡುತ್ತಿದ್ದರು. ಅಷ್ಟು ಆಸಕ್ತಿಯಿಂದ ಉಪ್ಪು ನೋಡುವವರನ್ನು ನಾನು ಬೇರೆ ಕಂಡಿಲ್ಲ.

ಮಂಗಳವಾರ ಎಲ್ಲ ಹೇಳಿದೆ. ಹೇಳುತ್ತ ಅತ್ತುಬಿಟ್ಟೆ ಕೂಡ. ಮೇಡಂ ಸಮಾಧಾನ ಹೇಳಲಿಲ್ಲ.

"ಅಗುಳು ಚೆಲ್ಲಿತೇನ್ರಿ?"

"ಇಲ್ಲ."

"ಚೆಲ್ಲಲಿಲ್ಲ ಅಂದ್ರ ನಿಮ್ಮ ಕೆಲಸ ಆತು. ಉಂಡ್ರೋ ಬಿಟ್ರೋ, ಅದು ಅವ್ರ ಹೊಟ್ಟಿ ವಿಚಾರ." ಆಮೇಲೆ ತಮ್ಮ ಡಬ್ಬಿ ತೆರೆದು, "ಒಂದು ತಾಟು ಫೋನಿನ ಮುಂದ ಇಡ್ರಿ. ನನಗ ಬಡಸ್ರಿ" ಎಂದರು. ಇಟ್ಟೆ. ಬಡಿಸಿದೆ. ಅವರು ಅಲ್ಲಿ ತಮ್ಮ ರೊಟ್ಟಿ ಮುರಿದು ತಿನ್ನುತ್ತ, "ಸಾರು ಹಾಕ್ರಿ, ಹಂಗ ಒಣದು ಹೆಂಗ ಉಣ್ಣಲಿ" ಎಂದು ಜೋರು ಮಾಡಿದರು. ಒಂದು ದಿನ ಮನೆಗೇ ಬಂದು ಉಣ್ಣಿ ಎಂದೆ. "ಬಂದ ಬರ್ತೀನಿ. ಆದರ ನೀವ ಬಡಸಬೇಕು."

ಚೌತಿಯ ನಂತರ ಸಂಸ್ಥೆಯವರು ಕರೆಗಳನ್ನು ನಿಲ್ಲಿಸಿದರು. ಇನ್ನು ಮುಂದೆ ವಿಡಿಯೋ ಕಳಿಸುತ್ತೇವೆ, ನೋಡಿಕೊಂಡು ಮಾಡಿ, ನಿಮ್ಮ ನಿರ್ವಹಣೆ ನಿಮ್ಮದೇ ಎಂದು ಸಂದೇಶ ಬಂತು. ವಿಡಿಯೋದಲ್ಲಿ ಒಬ್ಬ ಚೆಂದದ ಹುಡುಗಿ ಪ್ಲಾಸ್ಟಿಕ್ ಚೆಂಡು ಹಿಚುಕುತ್ತಾಳೆ, ಏನನ್ನೂ ಕೇಳುವುದಿಲ್ಲ. ಮೇಡಂ ಕೆಲಸವೂ ಹೋಯಿತು. ಆದರೂ ಮಂಗಳವಾರ ತಪ್ಪಿಸಲಿಲ್ಲ. ಮನೆಮನೆಗೆ ಹೋಗಿ ರೋಗಿಗಳನ್ನು ನೋಡುವ ಮಧ್ಯೆ ಯಾವುದೋ ಸ್ಟೇಷನ್ನಿನ ಬೆಂಚಿನಿಂದ ಕರೆ ಮಾಡುತ್ತಿದ್ದರು. ಈಗ ಗದ್ದದ ಹಿಂದೆ ಫ್ಯಾನಿನ ಬದಲು ಪ್ಲಾಟ್‌ಫಾರ್ಮಿನ ತಗಡು.

ಊಟಕ್ಕೆ ಕರೆಯುವ ಮಾತೆತ್ತಿದಾಗಲೆಲ್ಲ ಅತ್ತಿಗೆಗೆ ಒಂದು ಕಾರಣ ಸಿಗುತ್ತಿತ್ತು. ಗೋಡೆಗೆ ಬಣ್ಣ ಹೊಡೆಸಿ ಕರೆಯುವಾ. ಸೆಕೆ ಇಳಿಯಲಿ. "ಅಷ್ಟು ದೂರದಿಂದ ಯಾಕೆ ಮಾರಾಯ್ತಿ, ಫೋನಿನಲ್ಲಿ ಉಣ್ಣಿಸುತ್ತಿದ್ದೀಯಲ್ಲ" ಎಂದು ನಗೆಯಾಡಿದರು. ಗಂಡನನ್ನು ಕೇಳಿದರೆ, "ಅಕ್ಕ ಹೇಳುವುದೂ ಸರಿ." ಬಣ್ಣ ಹೊಡೆಸಿದ್ದಾಯಿತು, ಸೆಕೆಯೂ ಇಳಿಯಿತು.

ಮರುವರ್ಷದ ಮಳೆಗಾಲದಲ್ಲಿ ಒಂದು ಮಂಗಳವಾರ ಕರೆ ಬರಲಿಲ್ಲ. ಮುಂದಿನ ವಾರವೂ ಬರಲಿಲ್ಲ. ನಾನೇ ಮಾಡಿದೆ. ಎತ್ತಿದವರು ಅವರ ತಮ್ಮ. ಮುಂಬೈಯಲ್ಲೇ ಬೆಳೆದ ಕನ್ನಡ.

"ಅಕ್ಕ ಹೋದ್ರು ಆಂಟಿ. ಡೆಂಗ್ಯೂ ಆಗಿತ್ತು. ಏಕ್‌ದಮ್ ಜಲ್ದಿ ಆಯ್ತು." ಆಮೇಲೆ, "ನೀವು ಆ ವಡಾಲಾವಾಲೀ ಆಂಟಿ ಅಲ್ವಾ? ನಿಮ್ಮ ಮನೆಗೆ ಊಟಕ್ಕೆ ಬರೋದು ಇತ್ತು, ಅಂತ ಹೇಳ್ತಿದ್ರು."

ಇತ್ತು ಎಂದೆ.

ಅತ್ತಿಗೆಗೆ ತಿಳಿಸಿದಾಗ ಅವರು ಚಹಾ ಸೋಸುತ್ತಿದ್ದರು. "ಪಾಪ. ಆ ಫೋನಿನವಳಾ?" ಎಂದರು, ಸೋಸುವುದನ್ನು ಮುಗಿಸಿದರು.

ಮರುದಿನ ಮಧ್ಯಾಹ್ನ ಗಂಡನಿಗೆ ರಜೆ. ಅವರೂ ಅತ್ತಿಗೆಯೂ ಊಟಕ್ಕೆ ಕೂತಾಗ ನಾನು ಕೇಳದೆ ಸೌಟು ಹಿಡಿದೆ. ಗಂಡನ ಬಟ್ಟಲಿಗೆ ಬಡಿಸಿದೆ. ತಲೆ ಎತ್ತದೆ ಹಾಕಿಸಿಕೊಂಡರು. ಅತ್ತಿಗೆಯ ಮುಂದೆ ಹೋದೆ. ಅವರು ಖಾಲಿ ಬಟ್ಟಲ ಮೇಲೆ ಅಂಗೈ ಹಿಡಿದರು.

ಮುಂದೆ ಸರಿಯಬೇಕು ಎಂಬ ಶಾಸ್ತ್ರ ನನಗೆ ಮರೆತಿರಲಿಲ್ಲ. ನಾನು ಸರಿಯಲಿಲ್ಲ. ಸೌಟು ಹಿಡಿದು ನಿಂತೆ. ಭುಜ ನೋಯಲು ಸುರುವಾಯಿತು. ಅನ್ನದ ಹಬೆ ಅವರ ಬಳೆಗಳ ಮೇಲೆ ಹನಿಯಾಗಿ ಕೂತು ಆರಿತು. "ಇದೆಂಥ ಹಟ ನಿಂದು?" ಎಂದರು ಅತ್ತಿಗೆ. "ಹಾಕಿಸ್ಕೊ ಅಕ್ಕ" ಎಂದು ಒಂದು ಮಾತು ಆ ಮನೆಯಲ್ಲಿ ಯಾರೂ ಹೇಳಲಿಲ್ಲ. ಅಂಗೈ ಸರಿಯಲಿಲ್ಲ.

ಕೊನೆಗೆ ತಣ್ಣಗಾದ ಆ ಅನ್ನವನ್ನು ನನ್ನ ಬಟ್ಟಲಿಗೆ ಹಾಕಿಕೊಂಡು, ಅವರ ಎದುರಿಗೇ ಕೂತು, ಅದೇ ಕೈಯಲ್ಲಿ ಉಂಡೆ. ಏಳುವ ಮೊದಲು ನೆಲ ನೋಡಿದೆ.

ಒಂದು ಅಗುಳೂ ಚೆಲ್ಲಿರಲಿಲ್ಲ, ಮೇಡಂ.