ಗ್ರಾಫಿಕ್ಸ್ ಕಾರ್ಡಿಗೆ ಲಾವಂಚದ ಗಾಳಿ

ಮಲ್ಕಾಜ್‌ಗಿರಿಯ ಆ ಓಣಿಯಲ್ಲಿ ಪ್ರಾಣೇಶರಾಯರ ಮನೆ ಯಾವುದೆಂದು ಕೇಳಿದರೆ ಜನ ತಲೆ ಕೆರೆದುಕೊಳ್ಳುತ್ತಾರೆ. ಕೂಲರ್ ರಾಯರ ಮನೆ ಎಂದು ಕೇಳಿ ನೋಡಿ, ಆಡುವ ಮಕ್ಕಳೂ ಕೈ ಹಿಡಿದು ಕರೆದುಕೊಂಡು ಹೋಗಿ ಬಿಡುತ್ತವೆ. ರಾಯರು ರೈಲ್ವೆಯಲ್ಲಿ ಎ.ಸಿ. ಬೋಗಿಗಳ ಫಿಟ್ಟರ್ ಆಗಿ ಸೇರಿ, ಅಲ್ಲೇ ಮೇಲಕ್ಕೇರಿ ನಿವೃತ್ತರಾದವರು. ಅಜ್ಜನ ಕಾಲಕ್ಕೆ ರಾಯಚೂರಿನಿಂದ ನೌಕರಿಗೆಂದು ಬಂದು ಹೈದರಾಬಾದಿನಲ್ಲೇ ಉಳಿದ ಮನೆತನ. ಹೊಸ್ತಿಲಾಚೆ ತೆಲುಗು, ಹಿಂದಿ, ಹೊಸ್ತಿಲೊಳಗೆ ಕನ್ನಡ. ಸಾವಿರಾರು ಪ್ರಯಾಣಿಕರನ್ನು ತಣ್ಣಗೆ ಮಲಗಿಸಿ ದಿಲ್ಲಿಗೆ ಕಳಿಸಿದ ಈ ಮನುಷ್ಯ ತನ್ನ ಮನೆಗೆ ಮಾತ್ರ ಎ.ಸಿ. ತರಲಿಲ್ಲ. "ಎ.ಸಿ. ರೈಲಿಗೆ ಛಲೋ. ಮನಿಗೆ ಲಾವಂಚದ ಗಾಳಿನೇ ಬೇಕು" ಎಂದರೆ ಮುಗಿಯಿತು. ಅವರು ಹಿಡಿದ ಮೊಲಕ್ಕೆ ಮೂರೇ ಕಾಲು.

ಹೋಳಿ ಮುಗಿಯುವುದೇ ತಡ, ಓಣಿಯ ಕೂಲರುಗಳೆಲ್ಲ ಅವರ ಅಂಗಳಕ್ಕೆ ಬಂದು ಸಾಲಾಗಿ ನಿಲ್ಲುತ್ತಿದ್ದವು. ರಾಯರು ಪಂಚೆ ಮೇಲಕ್ಕೆ ಕಟ್ಟಿ ಕೂತು, ಹಳೆಯ ಲಾವಂಚದ ತಟ್ಟಿ ಕಿತ್ತು, ಬೋರಿನ ನೀರು ಬಿಟ್ಟುಹೋದ ಬಿಳಿ ಉಪ್ಪನ್ನು ಮೊಂಡು ಚಾಕುವಿನಿಂದ ಕೆರೆದು, ಹೊಸ ಲಾವಂಚ ತುಂಬಿ, ಪಂಪು ತಿಕ್ಕಿ ಕೊಡುತ್ತಿದ್ದರು. ಯಾರಿಂದಲೂ ಏನೂ ತೆಗೆದುಕೊಳ್ಳುತ್ತಿರಲಿಲ್ಲ. "ರಾಯರ ಕೈ ಬಿತ್ತಂದ್ರ ಮುಗೀತು ಬಿಡ್ರಿ" ಎಂದು ಯಾರಾದರೂ ಅಂದರೆ ಅಷ್ಟು ಸಾಕು, ಅಂದು ಊಟಕ್ಕೆ ಇನ್ನೊಂದು ಸೌಟು ಸಾರು ಹೆಚ್ಚೇ ಹಾಕಿಸಿಕೊಳ್ಳುವರು. ಹೆಸರಿನ ಹುಚ್ಚು ಎಲ್ಲರಿಗೂ ಇರುತ್ತದೆ, ರಾಯರಿಗೆ ಸ್ವಲ್ಪ ಜಾಸ್ತಿಯೇ ಇತ್ತು.

ಮನೆಗೆಲಸಕ್ಕೆ ಬರುವ ಸುಗಲಮ್ಮ ಲಿಂಗಸುಗೂರು ಕಡೆಯವಳು. ಮಗ ಹುಲಗೇಶ ಕಟ್ಟಡದ ಕೆಲಸದವನು. ರೈಲು ಹಳಿಯಾಚೆ ಏಳುತ್ತಿರುವ ಅಪಾರ್ಟ್‌ಮೆಂಟಿನ ಬುಡದಲ್ಲಿ ಅವರದೊಂದು ತಗಡಿನ ಶೆಡ್ಡು. ಹೋದ ಬೇಸಿಗೆಯಲ್ಲಿ ಅವಳ ಮೊಮ್ಮಗಳು ಗಂಗಾಳಿಗೆ ಮೈತುಂಬ ಬೆವರುಸಾಲೆ ಎದ್ದು ಕೂಸು ಹಗಲೆಲ್ಲ ಅಳುತ್ತಿದ್ದಾಗ, ರಾಯರು ಹಳೆಯ ಕೂಲರೊಂದನ್ನು ಸಜ್ಜು ಮಾಡಿ ಕೊಟ್ಟಿದ್ದರು. ಅಂದಿನಿಂದ ಸುಗಲಮ್ಮನ ಪಾಲಿಗೆ ಮಂತ್ರಾಲಯದ ರಾಯರನ್ನು ಬಿಟ್ಟರೆ ಈ ರಾಯರೇ.

ಇನ್ನು ಸೊಸೆ ಹರ್ಷದಾ. ಮಗ ಅಕ್ಷಯ ಬೆಳಿಗ್ಗೆ ಹೋದರೆ ದೀಪ ಹಚ್ಚುವ ಹೊತ್ತಿಗೆ ಬರುವವನು. ಹರ್ಷದಾಳ ಕೆಲಸ ಮನೆಯಲ್ಲೇ. ಪಾಯ ಕೂಡ ತೋಡದ ಅಪಾರ್ಟ್‌ಮೆಂಟನ್ನು ಕಟ್ಟಿ ಮುಗಿಸಿದಂತೆ, ಬಾಲ್ಕನಿಯಲ್ಲಿ ತುಳಸಿ ಗಿಡ ಸಮೇತ, ಕಂಪ್ಯೂಟರಿನಲ್ಲಿ ಚಿತ್ರಿಸಿ ಬಿಲ್ಡರುಗಳಿಗೆ ಕೊಡುವುದು. ಆ ಚಿತ್ರಗಳ ಬೆಳಕು ನೆರಳನ್ನೆಲ್ಲ ಲೆಕ್ಕ ಹಾಕುವುದು ಕಂಪ್ಯೂಟರಿನೊಳಗಿನ ಗ್ರಾಫಿಕ್ಸ್ ಕಾರ್ಡ್. ಇಟ್ಟಿಗೆಯಷ್ಟು ದಪ್ಪದ ಅದಕ್ಕೆ ತನ್ನದೇ ಫ್ಯಾನುಗಳಿವೆ. ಆದರೆ ಮೇ ತಿಂಗಳ ಹೈದರಾಬಾದಿನಲ್ಲಿ ಫ್ಯಾನು ಬೀಸುವುದೂ ಬಿಸಿ ಗಾಳಿಯನ್ನೇ ತಾನೇ? ಮಧ್ಯಾಹ್ನವಾದರೆ ಕಾರ್ಡು ಕಾದು, ಅರ್ಧ ಚಿತ್ರಕ್ಕೇ ಕಂಪ್ಯೂಟರ್ ಆರಿಹೋಗುತ್ತಿತ್ತು. ಹರ್ಷದಾ ಧೂಳು ಊದಿದಳು, ಟೇಬಲ್ ಫ್ಯಾನ್ ಇಟ್ಟಳು, ಕೊನೆಗೆ ಆ ಕೋಣೆಗೆ ಎ.ಸಿ. ಹಾಕಿಸೋಣವೆಂದಳು.

ರಾಯರಿಗೆ ಎದೆಗೆ ಚುಚ್ಚಿದಂತಾಯಿತು. "ಕೂಲರ್ ರಾಯರ ಮನಿಗೇ ಎ.ಸಿ. ಬಂತಂತ ಮಂದಿ ನಗಬೇಕೇನವಾ? ನಮ್ಮ ದೊಡ್ಡ ಕೂಲರ್ ಇಡೋಣು ಅಲ್ಲೆ."

"ಅದಕ್ಕ ಒಣಾ ತಂಪು ಬೇಕ್ರಿ ಮಾವಾರ. ಕೂಲರ್ ಗಾಳ್ಯಾಗ ಹಸಿ ಇರ್ತದ" ಎಂದಳು ಹರ್ಷದಾ ನಗುತ್ತಲೇ.

ರಾಯರು ಹೂಂ ಅಂದರು. ಹೂಂ ಅಂದದ್ದು ಬಾಯಿ ಮಾತ್ರ.

ಮರುದಿನದಿಂದ ಒಂದು ವಾರ ಹರ್ಷದಾಳಿಗೆ ಮಿಯಾಪುರದ ಬಿಲ್ಡರ್ ಆಫೀಸಿನಲ್ಲಿ ಕೆಲಸ. ಬೆಳಿಗ್ಗೆ ಕಂಪ್ಯೂಟರಿಗೆ ಚಿತ್ರದ ಕೆಲಸ ಹಚ್ಚಿ ಹೋದರೆ ಸಂಜೆಯೇ ಬರುವುದು. ಅವಳು ಗೇಟು ದಾಟಿದ್ದೇ ರಾಯರು ಆ ಕೋಣೆಗೆ ನುಗ್ಗಿ, ಕಂಪ್ಯೂಟರ್ ಡಬ್ಬದ ಪಕ್ಕದ ಮುಚ್ಚಳ ಬಿಚ್ಚಿ, ದೊಡ್ಡ ಕೂಲರನ್ನು ದಬ್ಬಿಕೊಂಡು ಬಂದು ಅದರ ಬಾಯಿಯನ್ನು ಸೀದಾ ಕಾರ್ಡಿನ ಮುಖಕ್ಕೆ ಹಿಡಿದರು. ಸುಗಲಮ್ಮ ಬೋರಿನ ನಲ್ಲಿಯಿಂದ ಬಕೆಟ್ಟು ಹೊತ್ತು ತಂದು ಟ್ಯಾಂಕು ತುಂಬಿಸಿದಳು. ಪರದೆಯ ಮೂಲೆಯಲ್ಲಿ ಕಾರ್ಡಿನ ಬಿಸಿ ತೋರಿಸುವ ಅಂಕಿ ಕೆಂಪಗಿದ್ದದ್ದು ನೋಡನೋಡುತ್ತ ಇಳಿದು ಹಸಿರಾಯಿತು. ರಾಯರಿಗೆ ಸ್ವರ್ಗಕ್ಕೆ ಮೂರೇ ಗೇಣು.

"ಅಕ್ಕಾರಿಗೆ ಈಗ ಹೇಳಬ್ಯಾಡ" ಎಂದರು ಸುಗಲಮ್ಮನಿಗೆ. "ಕೆಲಸ ಎಲ್ಲಾ ಮುಗೀಲಿ, ಆಮ್ಯಾಲೆ ನಾನೇ ಹೇಳ್ತೀನಿ."

"ಆತ್ರಿ ರಾಯರ" ಎಂದಳು ಅವಳು.

ವಾರವಿಡೀ ಹೀಗೇ ನಡೆಯಿತು. ಸಂಜೆಯಾಗುತ್ತಲೇ ಮುಚ್ಚಳ ಮೊದಲಿನಂತೆ, ಕೂಲರು ಪಡಸಾಲೆಗೆ. ಕಂಪ್ಯೂಟರ್ ಒಮ್ಮೆಯೂ ಆರದಿದ್ದುದಕ್ಕೆ ಹರ್ಷದಾ ಆಶ್ಚರ್ಯಪಟ್ಟರೆ ರಾಯರು ಮೀಸೆಯಲ್ಲೇ ನಗುವರು. ಚಿತ್ರಗಳನ್ನು ಒಪ್ಪಿಸಬೇಕಾದ ದಿನ ಬೆಳಿಗ್ಗೆ ಹರ್ಷದಾ ಗುಂಡಿ ಒತ್ತಿದಳು, ಪರದೆ ಕಪ್ಪಗೇ ಉಳಿಯಿತು. ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದರು ಅನ್ನುತ್ತಾರಲ್ಲ, ಹಾಗೆ.

ಕಾರ್ಡು ತೆಗೆದುಕೊಂಡು ಸಿಕಂದರಾಬಾದಿನ ರಿಪೇರಿ ಅಂಗಡಿಗೆ ಹೋದ ಹರ್ಷದಾ ಮಧ್ಯಾಹ್ನ ಬಾಡಿದ ಮುಖ ಹೊತ್ತು ಬಂದಳು. ಕಾರ್ಡು ಸತ್ತಿತ್ತು, ಹೊತ್ತಿಗೆ ಚಿತ್ರ ಸಿಗಲಿಲ್ಲವೆಂದು ಬಿಲ್ಡರು ಕೆಲಸವನ್ನು ಬೇರೆಯವರಿಗೆ ಕೊಟ್ಟಾಗಿತ್ತು. "ಒಳಗ ನೀರು ಹೋಗ್ಯದಂತ" ಎಂದು ಅದನ್ನು ಮೇಜಿನ ಮೇಲಿಟ್ಟಳು.

ರಾಯರು ಬಗ್ಗಿ ನೋಡಿದರು. ಕಾರ್ಡಿನ ಸಂದಿಸಂದಿಯಲ್ಲಿ ಬಿಳಿ ಪುಡಿ ಹತ್ತಿತ್ತು. ಅದನ್ನು ಗುರುತಿಸಲು ಅವರಿಗೆ ಯಾವ ಅಂಗಡಿಯವನೂ ಬೇಕಿರಲಿಲ್ಲ; ಎಷ್ಟೋ ಬೇಸಿಗೆಗಳಿಂದ ಮೊಂಡು ಚಾಕು ಹಿಡಿದು ಕೆರೆಯುತ್ತ ಬಂದ ಅದೇ ಬೋರಿನ ನೀರಿನ ಉಪ್ಪು. ರೈಲ್ವೆಯಲ್ಲಿದ್ದಾಗ ಕರೆಂಟಿನ ಡಬ್ಬಿಗೆ ತೇವ ತಾಗಿಸಿದರೆಂದು ಎಷ್ಟು ಮಂದಿ ಖಲಾಸಿಗಳಿಗೆ ಬೈದಿರಲಿಲ್ಲ ಅವರು! ಗೊತ್ತಿಲ್ಲದೆ ಮಾಡಿದ್ದಾದರೆ ತಪ್ಪು ಅನ್ನಬಹುದಿತ್ತು, ಇದು ಗೊತ್ತಿದ್ದೂ ಜಂಬಕ್ಕೆ ಮಾಡಿದ್ದು. ನಾಚಿಕೆಯಿಂದ ಕಿವಿ ಸುಡತೊಡಗಿತು.

ಅದೇ ಹೊತ್ತಿಗೆ ಸುಗಲಮ್ಮ ಒಳಗೆ ಬಂದಳು. ಪಕ್ಕದ ಮನೆಯ ಭಕ್ತಿಬಾಯಿಯೂ ಕೂಲರಿನ ಪಂಪು ತೋರಿಸಲೆಂದು ಬಂದು ಬಾಗಿಲಲ್ಲೇ ನಿಂತಿದ್ದರು.

"ಸುಗಲಮ್ಮ, ನೆಲಾ ಒರಸೋವಾಗ ಕಂಪ್ಯೂಟರಿಗೆ ನೀರೇನರೆ ಸಿಡಿದಿತ್ತೇನು?" ಎಂದು ಕೇಳಿದಳು ಹರ್ಷದಾ.

ಸುಗಲಮ್ಮ ಒಮ್ಮೆ ರಾಯರತ್ತ ನೋಡಿದಳು. ಈಗ ಅವರು ಒಂದು ಮಾತು, ಒಂದೇ ಮಾತು ಆಡಿದ್ದರೆ ಮುಗಿಯುತ್ತಿತ್ತು. ರಾಯರು ಭಕ್ತಿಬಾಯಿಯನ್ನು ನೋಡಿದರು, ಆಮೇಲೆ ಎದುರಿಗಿದ್ದ ಪಂಚಾಂಗವನ್ನು ಎತ್ತಿಕೊಂಡು ಪುಟ ತಿರುವಿದರು.

"ನೆನಪಿಲ್ರಿ ಅಕ್ಕಾರ" ಎಂದಳು ಸುಗಲಮ್ಮ ನಿಧಾನವಾಗಿ. "ಸಿಡಿದಿದ್ರೂ ಸಿಡಿದಿರಬೌದು."

"ಇನ್‌ಮ್ಯಾಲೆ ಆ ಖೋಲಿಗೆ ಹೋಗಬ್ಯಾಡ" ಎಂದಳು ಹರ್ಷದಾ. ಸುಗಲಮ್ಮ ಪಾತ್ರೆ ತಿಕ್ಕಿಟ್ಟು ಹೋದಳು. ಮರುದಿನ ಬರಲಿಲ್ಲ, ಅದರ ಮರುದಿನವೂ ಬರಲಿಲ್ಲ.

ರಾಯರು ಕೂಲರ್ ಹಚ್ಚುವುದನ್ನೇ ಬಿಟ್ಟರು. ಮೋಟಾರಿನ ಸದ್ದು ಕೇಳಿದರೆ ಸಾಕು, ಸುಗಲಮ್ಮ ತಮ್ಮತ್ತ ನೋಡಿದ ನೋಟ ಕಣ್ಣಿಗೆ ಕಟ್ಟುತ್ತಿತ್ತು. ಬೆವರು ಒರೆಸಿಕೊಳ್ಳುತ್ತ ಪಡಸಾಲೆಯಲ್ಲಿ ಕೂತು, ಯಾರು ನೀರು ಎಂದರೂ ತಮಗೇ ಅಂದಂತೆ ಬೆಚ್ಚುವರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಪಾಡು. ಒಂದು ದಿನ ಭಕ್ತಿಬಾಯಿ ಪಂಪು ಒಯ್ಯಲು ಬಂದವರು, "ಆ ಸುಗಲಮ್ಮನ್ನ ನಾವೂ ಬಿಡಿಸಿದ್ವಿ ನೋಡ್ರಿ ರಾಯರ. ಎದುರು ಮನಿಯವರೂ ಬಿಡಿಸ್ಯಾರ. ನಮ್ಮಲ್ಲೂ ಕಂಪ್ಯೂಟರ್ ಅದಲ್ಲ, ಯಾರಿಗೆ ಬೇಕು" ಎಂದು ಹೇಳಿಹೋದರು. ಹೋಗುವಾಗ ಎಂದಿನಂತೆ ರಾಯರ ಕೈಗುಣವನ್ನೂ ಹೊಗಳಿದರು.

ಆ ಹೊಗಳಿಕೆ ರಾಯರಿಗೆ ಕೆನ್ನೆಗೆ ಹೊಡೆದಂತೆ ಆಯಿತು. ಸೀದಾ ಎದ್ದು ಸೊಸೆಯ ಕೋಣೆಯ ಬಾಗಿಲಿಗೆ ಹೋಗಿ ನಿಂತರು. "ಹರ್ಷದಾ, ಸುಗಲಮ್ಮಂದು ಏನೂ ತಪ್ಪಿಲ್ಲವಾ. ನಾನು... ಕೂಲರ್..."

ಹರ್ಷದಾ ತಲೆ ಎತ್ತಲಿಲ್ಲ. ಮೇಜಿನ ಖಾನೆ ಎಳೆದು ಸಣ್ಣ ಪೊಟ್ಟಣವೊಂದನ್ನು ಬಿಚ್ಚಿ ಮುಂದಿಟ್ಟಳು. ಅದರಲ್ಲಿ ಲಾವಂಚದ ಒಂದು ಎಳೆ ಇತ್ತು.

"ಕಾರ್ಡಿನ ಫ್ಯಾನಿಗೆ ಸುತ್ಕೊಂಡಿತ್ತ್ರಿ ಮಾವಾರ. ಅಂಗಡಿಯವ ತಗದುಕೊಟ್ಟ."

"ಅಂದ್ರ ನಿನಗ ಅವತ್ತೇ ಗೊತ್ತಿತ್ತು?"

"ಗೊತ್ತಿತ್ತು." ಅವಳು ಪೊಟ್ಟಣವನ್ನು ಮತ್ತೆ ಮಡಿಸಿದಳು. "ಭಕ್ತಿಬಾಯಿ ಮುಂದ ಹಿರಿಯಾರ ಮುಖ ಹೆಂಗ ಕೆಡಸ್ಲಿ? ಸುಗಲಮ್ಮಗ ಒಂದು ಮಾತು ಅಂದ್ರ ನಡೀತದ ಅಂದ್ಕೊಂಡೆ. ಆಕಿ ಏನು ತಿಳ್ಕೊಳ್ಳಾಕಿ ಅಲ್ಲ ಅಂತ."

ರಾಯರು ಗೋಡೆಗೆ ಒರಗಿ ಕೂತರು. ಸೊಸೆ ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ತಮ್ಮ ಮುಖ ಉಳಿಸಲೆಂದು ಅವಳೂ ತಮ್ಮಷ್ಟೇ ಕೆಳಗಿಳಿದಳಲ್ಲ ಎಂಬ ನಾಚಿಕೆ ಹಳೆಯದರ ಮೇಲೆ ಬಂದು ಕೂತಿತು. ಆಮೇಲೆ ಹರ್ಷದಾ ಚಪ್ಪಲಿ ಮೆಟ್ಟಿದಳು, ರಾಯರು ಹಿಂದೆ ಹೊರಟರು.

ಹಳಿ ದಾಟಿ ಶೆಡ್ಡು ಮುಟ್ಟುವಷ್ಟರಲ್ಲಿ ಬಿಸಿಲು ನೆತ್ತಿ ಸುಡುತ್ತಿತ್ತು. ಒಳಗೆ ರಾಯರೇ ಕೊಟ್ಟ ಕೂಲರಿನ ಮುಂದೆ ಚಾಪೆಯ ಮೇಲೆ ಗಂಗಾ ಅಂಗಾತ ಮಲಗಿ ನಿದ್ದೆ ಹೋಗಿದ್ದಳು. ಇಬ್ಬರನ್ನೂ ಕಂಡು ಸುಗಲಮ್ಮ ಗಡಬಡಿಸಿ ಎದ್ದಳು.

"ಸುಗಲಮ್ಮ, ನಾ ಅವತ್ತು..." ಎಂದು ಶುರು ಮಾಡಿದರು ರಾಯರು.

"ಮದ್ಲ ಕೂಡ್ರಿ ರಾಯರ. ಬಿಸಲಾಗ ಬಂದೀರಿ" ಎಂದು ಅವಳು ಕೂಲರನ್ನು ಕೂಸಿನ ಕಡೆಯಿಂದ ಎಳೆದು ರಾಯರ ಕಡೆಗೆ ತಿರುಗಿಸಿದಳು.

ಲಾವಂಚದ ಗಾಳಿ ಮುಖಕ್ಕೆ ಬಡಿಯಿತು. ಆ ಗಾಳಿಯಲ್ಲಿ ಕೂತೇ ರಾಯರು ಎಲ್ಲವನ್ನೂ ಹೇಳಿದರು. ಹರ್ಷದಾ ತನ್ನದನ್ನೂ ಹೇಳಿದಳು. ಓಣಿಯ ಮನೆಮನೆಗೂ ತಾವೇ ಹೋಗಿ ನಿಜ ಹೇಳುವುದಾಗಿ ರಾಯರು ಮಾತು ಕೊಟ್ಟರು.

ಸುಗಲಮ್ಮ ಗಾಬರಿಯಾದಳು. "ಅದೊಂದು ಮಾಡಬ್ಯಾಡ್ರಿ. ನಂದೇನೈತಿ, ಈ ಮನಿ ಬಿಟ್ರ ಮತ್ತೊಂದು ಮನಿ ಹುಡುಕ್ಕೋತೀನಿ. ನಿಮ್ಮ ಹೆಸರು ಭಾಳ ದೊಡ್ಡದೈತ್ರಿ ರಾಯರ, ಕೆಡಿಸ್ಕೋಬ್ಯಾಡ್ರಿ."

ಚಾಪೆಯ ಮೇಲೆ ಕೂಸು ಹೊರಳಿತು. ಅದರ ಹಣೆಯ ಮೇಲೆ ಆಗಲೇ ಬೆವರು ಮೂಡಿತ್ತು. ರಾಯರು ಎದ್ದರು, ಎರಡೂ ಕೈಯಿಂದ ಕೂಲರನ್ನು ಹಿಡಿದು ಮತ್ತೆ ಗಂಗಾಳ ಕಡೆಗೆ ತಿರುಗಿಸಿಟ್ಟರು. ಆಮೇಲೆ ಅದೇ ಬಿಸಿಲಿನಲ್ಲಿ ಭಕ್ತಿಬಾಯಿಯ ಮನೆಯತ್ತ ನಡೆದರು.