ಹನೀಫ್ ಪ್ಲಸ್ ಒನ್

ಕಳೆದ ಶನಿವಾರ ಬೆಳಿಗ್ಗೆ ದುಬೈನ ಮಿರ್ದಿಫ್‌ನಲ್ಲಿ ಬಸ್ ಹತ್ತುವಾಗ ನನ್ನ ಕೊರಳಿಗೆ ಒಂದು ಬ್ಯಾಡ್ಜ್ ಬಿತ್ತು. ಅದರ ಮೇಲಿದ್ದದ್ದು ‘ಪ್ರಕಾಶ್ +2’. ಪ್ರಕಾಶ್ ನನ್ನ ಗಂಡ. ಆ ಎರಡರಲ್ಲಿ ಒಂದು ನಾನು, ಇನ್ನೊಂದು ಮಗಳು. (ನಮ್ಮಿಬ್ಬರಲ್ಲಿ ಮೊದಲನೆಯವಳು ಯಾರೆಂದು ಇನ್ನೂ ತೀರ್ಮಾನವಾಗಿಲ್ಲ.)

ನಮ್ಮ ಕನ್ನಡ ಬಳಗದ ಪದ್ಧತಿಯೇ ಹಾಗೆ. ಕುಟುಂಬಕ್ಕೊಂದು ಸದಸ್ಯತ್ವ, ಅದೂ ಗಂಡನ ಹೆಸರಲ್ಲಿ. ಓಟೂ ಒಂದೇ. ಉಳಿದವರೆಲ್ಲ ಪ್ಲಸ್. ಸೆಕ್ರೆಟರಿ ಸುರೇಶಣ್ಣ ಆ ಲಿಸ್ಟನ್ನೇ ಬ್ಯಾಡ್ಜಿಗೆ ಪ್ರಿಂಟ್ ಹೊಡೆಸಿದ್ದರು.

ಹೊರಟಿದ್ದೆಲ್ಲಿಗೆ ಗೊತ್ತೇ? ದೇರಾಕ್ಕೆ, ಹೆಂಗಸರ ಹಕ್ಕುಗಳ ಇತಿಹಾಸ ನೋಡಲು.

ಪಕ್ಕದಲ್ಲಿ ಕೂತವರು ಉಳ್ಳಾಲದ ಝೋಹರಕ್ಕ. ಬಳಗದ ಪ್ರತಿ ಕಾರ್ಯಕ್ರಮದ ಅಡುಗೆ ಅವರದೇ ಉಸ್ತುವಾರಿ. ಈ ಸಲ ಕಮಿಟಿ ಚುನಾವಣೆಗೆ ನಿಲ್ಲುತ್ತೇನೆಂದು ಅರ್ಜಿ ಕೊಟ್ಟಿದ್ದರು. ಅರ್ಜಿ ವಾಪಸ್ ಬಂತು. ಯಾಕೆ? ಅವರು ಸದಸ್ಯರಲ್ಲ. ಸದಸ್ಯರು ಅವರ ಗಂಡ ಹನೀಫಾಕ, ಮೀಟಿಂಗಿಗೆ ಬಂದರೆ ನಿದ್ದೆ ಹೊಡೆಯುವವರು.

“ಬಿರಿಯಾನಿ ಮಾಡ್ಲಿಕ್ಕೆ ನಾನು ಬೇಕು, ಓಟು ಹಾಕುವಾಗ ಪ್ಲಸ್ ಒನ್. ಇದು ಎಂತ ನ್ಯಾಯ ಮಾರಾಯ್ತಿ?” ಎಂದರು.

ನಾನು ಕಿಟಕಿಯಾಚೆ ನೋಡಿದೆ. ವಾರವಾರ ಈ ಅಂಕಣದಲ್ಲಿ ಊರಿಗೆಲ್ಲ ಬುದ್ಧಿ ಹೇಳುವ ನನಗೆ ಇಷ್ಟು ವರ್ಷ ಇದು ಕಂಡಿರಲಿಲ್ಲ. ನಾಚಿಕೆಯಾಯಿತು.

ದೇರಾದ ಗಲ್ಲಿಯೊಂದರ ಹಳೇ ಮನೆ ಈಗ ಮ್ಯೂಸಿಯಂ. ಸುರೇಶಣ್ಣ “ಯಲ್ಲಾ, ಯಲ್ಲಾ, ಬೇಗ ಬನ್ನಿ, ಊಟಕ್ಕೆ ಲೇಟಾಗ್ತದೆ” ಎನ್ನುತ್ತಲೇ ಇದ್ದರು. ಗೈಡ್ ಹುಡುಗಿ ಗಾಜಿನೊಳಗಿನ ಹಳದಿ ಕಾಗದವೊಂದನ್ನು ತೋರಿಸಿದಳು. ಒಬ್ಬ ಹೆಂಗಸು ತನ್ನ ಹೆಸರಿನಲ್ಲೇ ಮನೆ ಕೊಂಡ ಪತ್ರ. ಆಕೆಗೆ ಬರೆಯಲು ಬರುತ್ತಿರಲಿಲ್ಲವಂತೆ. ಹೆಬ್ಬೆಟ್ಟು ಒತ್ತಿ, ಪಕ್ಕದಲ್ಲಿ ತನ್ನ ಹೆಸರನ್ನೇ ಬರೆಸಿದ್ದಳು.

ಝೋಹರಕ್ಕ ಆ ಹೆಬ್ಬೆಟ್ಟನ್ನು ನೋಡಿದರು. ತಮ್ಮ ಬ್ಯಾಡ್ಜಿನ ‘ಹನೀಫ್ +1’ ನೋಡಿದರು. ಗೈಡ್ ಹತ್ತಿರ ಪೆನ್ನು ಕೇಳಿ, ಬ್ಯಾಡ್ಜ್ ತಿರುಗಿಸಿ, ಹಿಂಬದಿಯಲ್ಲಿ ದೊಡ್ಡದಾಗಿ ‘ಝೋಹರಾ’ ಎಂದು ಬರೆದು ಹಾಕಿಕೊಂಡರು. ಪೆನ್ನು ನನಗೆ ಬಂತು. ನನ್ನಿಂದ ಹಿಂದಿನವಳಿಗೆ. ಹತ್ತು ನಿಮಿಷದಲ್ಲಿ ಪ್ಲಸ್‌ಗಳೆಲ್ಲ ಖಲಾಸ್.

ವಾಪಸ್ ಬಸ್ ಹತ್ತಿದಾಗ ಸುರೇಶಣ್ಣ ಕಂಗಾಲು. “ಹೀಗೆ ಮಾಡಿದ್ರೆ ನಾನು ತಲೆ ಎಣಿಸುವುದು ಹೇಗೆ?”

“ಅದು ಆಮೇಲೆ” ಎಂದು ಝೋಹರಕ್ಕ ಎದ್ದು ನಿಂತರು. “ಕೋರಂ ಉಂಟಲ್ಲ ಬಸ್ಸಲ್ಲಿ?”

“ಉಂಟು.”

“ಹಾಗಾದ್ರೆ ಕೇಳಿ. ಇನ್ನು ಮೇಲೆ ತಲೆಗೊಂದು ಸದಸ್ಯತ್ವ, ತಲೆಗೊಂದು ಓಟು. ಒಪ್ಪಿಗೆ ಇದ್ದವರು ಕೈ ಎತ್ತಿ.”

ಹೆಂಗಸರ ಕೈಗಳೆಲ್ಲ ಒಟ್ಟಿಗೆ ಮೇಲೆದ್ದವು.

“ಅಕ್ಕಾ, ಬೈಲಾ ಪ್ರಕಾರ ಈ ಕೈಗಳು ಲೆಕ್ಕಕ್ಕಿಲ್ಲ” ಎಂದರು ಸುರೇಶಣ್ಣ.

“ಆಯ್ತು. ಗಂಡಸರದ್ದೇ ಎಣಿಸಿ.”

ಆಗ ಮುಂದಿನ ಸೀಟಿನಿಂದ ಹನೀಫಾಕನ ಕೈ ಎದ್ದಿತು. (ಎಚ್ಚರವಿದ್ದರು!) “ಪಪ್ಪಾ, ಹ್ಯಾಂಡ್ಸ್ ಅಪ್” ಎಂದಳು ನನ್ನ ಮಗಳು. ಪ್ರಕಾಶನದೂ ಎದ್ದಿತು. ಒಂದೊಂದಾಗಿ ಎಲ್ಲರದೂ. ಕೊನೆಗೆ ಉಳಿದದ್ದು ಸುರೇಶಣ್ಣನ ಕೈ ಮಾತ್ರ. ಸುರೇಶಣ್ಣನ ಹೆಂಡತಿ ಒಮ್ಮೆ ತಿರುಗಿ ನೋಡಿದರು. ಅದೂ ಎದ್ದಿತು.

ಹೇಳಿದರೆ ನಗುತ್ತೀರಿ, ನನ್ನ ಕಣ್ಣು ತುಂಬಿತ್ತು. ಎಂತೆಂಥ ಚುನಾವಣೆ ಟೀವಿಯಲ್ಲಿ ನೋಡಿದ್ದೇನೆ, ಒಂದಕ್ಕೂ ಇಷ್ಟು ಖುಷಿಪಟ್ಟಿರಲಿಲ್ಲ.

ತಲೆ ಎಣಿಸಲು ಹೊಸ ಲಿಸ್ಟ್ ಬರೆದದ್ದು ಝೋಹರಕ್ಕನೇ. ಸುರೇಶಣ್ಣ ಓದಿದರು: “ಝೋಹರಾ ಪ್ಲಸ್ ಒನ್.”

“ಹಾಜರ್” ಎಂದು ಹನೀಫಾಕ ಎದ್ದು ನಿಂತರು.

ಅಂದಹಾಗೆ, ಮೇಲೆ ನಾನೇ ‘ಸುರೇಶಣ್ಣನ ಹೆಂಡತಿ’ ಎಂದು ಬರೆದು ಮುಂದೆ ಹೋದೆನಲ್ಲ, ಅವರ ಹೆಸರೇನೆಂದು ನೀವಾದರೂ ಕೇಳಿದಿರಾ?